ಸೂಳೆಕೆರೆ ಇಲ್ಲದ ನಕ್ಷೆ: ದಾವಣಗೆರೆಯ ಒಂದು ಶಾಸನ ಪಾಠದ ಪ್ರಕರಣ

ಪ್ರಾಜೆಕ್ಟರ್ ಹಚ್ಚಿ ನಕ್ಷೆ ಗೋಡೆಗೆ ಬಿದ್ದ ಕೂಡಲೇ ಹುಡುಗರು ಚಪ್ಪಾಳೆ ಹೊಡೆದರು. ದಾವಣಗೆರೆ ಜಿಲ್ಲೆಯ ಗಡಿ, ಅದರೊಳಗೆ ಕೆಂಪು ಚುಕ್ಕಿಗಳು. ಒಂದು ಚುಕ್ಕಿ ಅಂದರೆ ಒಂದು ಶಾಸನ. ಹರಿಹರದಲ್ಲಿ ಚುಕ್ಕಿಗಳು ಒಂದರ ಮೇಲೊಂದು ಕೂತು ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು. ದಾವಣಗೆರೆ ಸುತ್ತ ಸಾಕಷ್ಟು, ಜಗಳೂರಿನಲ್ಲಿ ಅಲ್ಲಲ್ಲಿ. ಚನ್ನಗಿರಿ ಮತ್ತು ಹೊನ್ನಾಳಿ ಕಡೆ ಮಾತ್ರ ಪೂರ್ತಿ ಬಿಳಿ.

ಚನ್ನಗಿರಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. “ಮೇಡಂ, ಸೂಳೆಕೆರೆ ಸುತ್ತ ಒಂದೂ ಶಾಸನ ಇಲ್ವಾ? ಅಷ್ಟು ದೊಡ್ಡ ಕೆರೆ ಐತಿ. ಯಾರೂ ಬರೆಸಿಲ್ವಾ?”

ನಮ್ಮ ವಿಷಯವೇ ಕೆರೆ. ಈ ಸೀಮೆಯ ಶಾಸನಗಳಲ್ಲಿ ಕೆರೆ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕುವುದು ಆ ವರ್ಷದ ಕೆಲಸ. ನಾನು ಒಂದು ಕ್ಷಣ ಯೋಚಿಸಿ, “ಆ ಕಡೆ ಆಗ ಕಾಡು ಜಾಸ್ತಿ ಇತ್ತೇನೋ” ಅಂದುಬಿಟ್ಟೆ. ಕೆಲವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಪ್ಪತ್ತು ವರ್ಷ ಪಾಠ ಮಾಡಿದವಳು ಒಂದು ಚಿತ್ರ ನೋಡಿ ಇತಿಹಾಸ ಹೇಳಿಬಿಟ್ಟಿದ್ದೆ. ಅದು ಹೇಗಾಯಿತು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದ ಬಗೆ

ನಾನು ದಾವಣಗೆರೆಯಲ್ಲಿ ಎಂ.ಎ. ಇತಿಹಾಸದವರಿಗೆ ಶಾಸನಗಳ ಪತ್ರಿಕೆ ಕಲಿಸುತ್ತೇನೆ. ಪ್ರತಿ ವರ್ಷ ಅದೇ ದಾರಿ. ಹಲ್ಮಿಡಿ, ಬಾದಾಮಿಯ ಕಪ್ಪೆ ಅರಭಟ್ಟ, ಐಹೊಳೆ. ನೋಟ್ಸು, ಪರೀಕ್ಷೆ, ಆಮೇಲೆ ಮರೆವು. ನಮ್ಮ ಮಕ್ಕಳಲ್ಲಿ ಬಹಳ ಜನರ ಊರಿನ ಹನುಮಪ್ಪನ ಗುಡಿ ಪಕ್ಕದಲ್ಲೇ ಒಂದು ಬರೆದ ಕಲ್ಲು ನಿಂತಿರುತ್ತದೆ. ದಿನಾ ನೋಡಿರುತ್ತಾರೆ, ಓದಿರುವುದಿಲ್ಲ. ಅದನ್ನು ತರಗತಿಗೆ ತರಬೇಕು ಅಂತ ಮೊದಲಿನಿಂದಲೂ ಆಸೆ ಇತ್ತು.

ಅಷ್ಟರಲ್ಲಿ ಮಾನವಿಕ ವಿಷಯಗಳಿಗೆ ಡಿಜಿಟಲ್ ವಿಧಾನ ಅಂತ ಒಂದು ವಾರದ ಕಾರ್ಯಾಗಾರಕ್ಕೆ ಹೋಗಿ ಬಂದೆ. ಅಲ್ಲಿ ವಾಯಂಟ್ ಟೂಲ್ಸ್ ತೋರಿಸಿದರು. ಒಂದು ಇಂಗ್ಲಿಷ್ ಕಾದಂಬರಿ ಹಾಕಿದರೆ ಯಾವ ಪದ ಎಷ್ಟು ಸಲ ಬಂದಿದೆ ಅಂತ ಚಕ್ಕನೆ ಚಿತ್ರ ಬರುತ್ತದೆ. ಊಟದ ಬಿಡುವಿನಲ್ಲಿ ನಾನು ಒಂದು ಕನ್ನಡ ಪಠ್ಯ ಹಾಕಿ ನೋಡಿದೆ. ಮನೆ, ಮನೆಯ, ಮನೆಗೆ, ಮನೆಯಲ್ಲಿ, ಇವೆಲ್ಲ ಅದಕ್ಕೆ ನಾಲ್ಕು ಬೇರೆ ಬೇರೆ ಪದಗಳು. ನಮ್ಮ ವಿಭಕ್ತಿ ಅದಕ್ಕೇನು ಗೊತ್ತು? ಅಲ್ಲಿ ಕಲಿತದ್ದರಲ್ಲಿ ನಮಗೆ ಹೊಂದುವಂಥದ್ದು ನಕ್ಷೆ ಕೆಲಸ ಅನ್ನಿಸಿತು. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಹಳೇ ಕಂಪ್ಯೂಟರಿನಲ್ಲೂ ಕುಂಟುತ್ತಾ ನಡೆಯುತ್ತದೆ.

ಪುಸ್ತಕ ಯಾವುದು ಅಂತ ಯೋಚಿಸಬೇಕಾಗಿರಲಿಲ್ಲ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 11ನೇ ಸಂಪುಟ, 1903ರಲ್ಲಿ ಅಚ್ಚಾದದ್ದು, ಚಿತ್ರದುರ್ಗ ಜಿಲ್ಲೆಯ ಶಾಸನಗಳು. ದಾವಣಗೆರೆ ಆಗ ಚಿತ್ರದುರ್ಗದ ಒಂದು ತಾಲೂಕು, ಹರಿಹರ ಅದರೊಳಗೇ ಇತ್ತು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ. ಮೊಳಕಾಲ್ಮುರು ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಕಂಡುಹಿಡಿದವರೂ ಅವರೇ. ಈ ಸಂಪುಟದಲ್ಲಿ ಒಂದೊಂದು ಶಾಸನ ಮೂರು ಕಡೆ ಸಿಗುತ್ತದೆ. ಇಂಗ್ಲಿಷ್ ಅನುವಾದ, ರೋಮನ್ ಲಿಪಿಯಲ್ಲಿ ಪಾಠ, ಕನ್ನಡ ಲಿಪಿಯಲ್ಲಿ ಪಾಠ. ಸ್ಕ್ಯಾನ್ ಮಾಡಿದ ಪ್ರತಿ ಇಂಟರ್ನೆಟ್ಟಿನಲ್ಲಿದೆ.

ಶನಿವಾರ ಮಧ್ಯಾಹ್ನ ಕಂಪ್ಯೂಟರ್ ವಿಭಾಗದವರ ಲ್ಯಾಬ್ ಕೇಳಿ ಪಡೆದೆವು. ಒಬ್ಬೊಬ್ಬರಿಗೆ ಕೆಲವು ಪುಟ. ಒಂದು ಶಾಸನಕ್ಕೆ ಒಂದು ಸಾಲು, ಊರು, ಕಾಲ, ರಾಜ, ಏನು ಕೊಟ್ಟರು, ಕೆರೆ ಇದೆಯೋ ಇಲ್ಲವೋ.

ಕೋಷ್ಟಕದ ಜಗಳ

ಮೊದಲ ತಿಂಗಳು ಪೂರ್ತಿ ಹೋಗಿದ್ದು ಅಕ್ಷರಕ್ಕೆ. ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಅಕ್ಷರ ಮಾಡಿಸಿದೆವು. ಇವತ್ತಿನ ಕನ್ನಡ ಪುಸ್ತಕವಾದರೆ ಚೆನ್ನಾಗಿ ಓದುತ್ತದೆ. ನೂರು ವರ್ಷದ ಹಿಂದಿನ ಅಚ್ಚು, ಒತ್ತಕ್ಷರ ಬಂದಲ್ಲೆಲ್ಲ ಎಡವಿತು. ಹಳೆಯ ಱ ಮತ್ತು ೞ ಬಂದರಂತೂ ಏನೇನೋ ಬರೆಯಿತು. ಈ ಎರಡೂ ಅಕ್ಷರ ಯುನಿಕೋಡಿನಲ್ಲಿವೆ. ಆದರೆ ಹುಡುಗರ ಫೋನಿನ ಕೀಲಿಮಣೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಎರಡನ್ನೂ ಒಂದು ಫೈಲಿನಲ್ಲಿಟ್ಟು, ಬೇಕಾದಾಗ ಅಲ್ಲಿಂದ ನಕಲು ಮಾಡಿ ಅಂಟಿಸುವುದು ಅಂತ ಮಾಡಿಕೊಂಡೆವು. ಇಬ್ಬರು ತಮ್ಮ ಪಾಲನ್ನು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ತಂದಿದ್ದರು. ಕೋಷ್ಟಕಕ್ಕೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಯುನಿಕೋಡಿಗೆ ತಿರುಗಿಸಲು ಇನ್ನೊಂದು ಶನಿವಾರ ಹೋಯಿತು.

ಕಾಲದ ಕಾಲಂ ಇನ್ನೂ ತಮಾಷೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ವರ್ಷದ ಕೊನೆಯ ತಿಂಗಳುಗಳಾದರೆ 79, ಅಂತ ಹೇಳಿಕೊಟ್ಟಿದ್ದೆ. ಶಕ 1146ಕ್ಕೆ 78 ಕೂಡಿಸಿದರೆ 1224. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಿದ ವರ್ಷ. ಲೆಕ್ಕ ಸರಿಯಾಗಿ ಕೂತಿತು ಅಂತ ಖುಷಿಪಟ್ಟೆವು. ಮಾರನೇ ವಾರ ಒಬ್ಬ ಹುಡುಗ ಕ್ರಿ.ಶ. 126ರ ಕನ್ನಡ ಶಾಸನ ತಂದು ಇಟ್ಟ! ಹಲ್ಮಿಡಿಗಿಂತ ಮುನ್ನೂರು ವರ್ಷ ಹಿಂದಿನದು. ಆ ಶಾಸನದಲ್ಲಿದ್ದದ್ದು ಚಾಳುಕ್ಯ ವಿಕ್ರಮ ವರ್ಷ 48. ಆ ಲೆಕ್ಕ ಶುರುವಾಗುವುದು 1076ರಿಂದ, ಹಾಗಾಗಿ 48ನೇ ವರ್ಷ ಅಂದರೆ 1123. ಅವನು ಕಣ್ಣು ಮುಚ್ಚಿ 78 ಕೂಡಿಸಿದ್ದ. ಕೋಷ್ಟಕಕ್ಕೆ ನಾಚಿಕೆ ಇಲ್ಲ ನೋಡಿ, ಏನು ಕೊಟ್ಟರೂ ಕೂಡಿಸುತ್ತದೆ. ಅಲ್ಲಿಂದ ಮುಂದೆ “ಶಾಸನದಲ್ಲಿ ಇರುವ ಹಾಗೆ” ಅಂತ ಒಂದು ಕಾಲಂ, “ನಾವು ಲೆಕ್ಕ ಹಾಕಿದ್ದು” ಅಂತ ಇನ್ನೊಂದು. ಇನ್ನೊಂದು ಮಾತು: ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ದಿನಾಂಕವೇ ಗೊತ್ತಿಲ್ಲ. ವರ್ಷವನ್ನು ಸುಮ್ನೆ ಒಂದು ಸಂಖ್ಯೆ ಅಂತ ಬರೆಯುವುದು ಕ್ಷೇಮ.

ಊರಿನ ಹೆಸರಿನಿಂದ ನಕ್ಷೆಯಲ್ಲಿ ಜಾಗ ಹುಡುಕುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟೆವು. ಹರಿಹರದ ಚುಕ್ಕಿ ಮಹಾರಾಷ್ಟ್ರದ ನಾಸಿಕದ ಹತ್ತಿರ ಹೋಗಿ ಬಿತ್ತು. ಅಲ್ಲೊಂದು ಹರಿಹರ ಕೋಟೆ ಇದೆ. ಸಿದ್ದಾಪುರ ಉತ್ತರ ಕನ್ನಡದ ಮಳೆಕಾಡಿಗೆ ಹೋಯಿತು. ಅಶೋಕನ ಕಲ್ಲು ಇರುವುದು ಮೊಳಕಾಲ್ಮುರಿನ ಬಿಸಿಲಲ್ಲಿ. ಇನ್ನು ಹೊಸಹಳ್ಳಿಗಳ ಕಥೆ ಕೇಳಲೇಬೇಡಿ. ಆ ಕೆಲಸ ಕೈಯಿಂದಲೇ ಮಾಡಿದೆವು. ಊರು ಗೊತ್ತಿದ್ದವರು ತಮ್ಮ ಕಡೆಯ ಹೆಸರುಗಳನ್ನು ಹಂಚಿಕೊಂಡರು. ಆ ದಿನ ಲ್ಯಾಬಿನಲ್ಲಿ ನಾನು ವಿದ್ಯಾರ್ಥಿ, ಅವರು ಮೇಷ್ಟ್ರುಗಳು. ಯಾವ ಊರಿಗೆ ಜನ ಇನ್ನೊಂದು ಹೆಸರು ಕರೆಯುತ್ತಾರೆ, ಯಾವುದು ಈಗ ಬರೀ ಹಾಳೂರು, ಎಲ್ಲ ಅವರಿಗೆ ಗೊತ್ತಿತ್ತು.

ಬಿಳಿ ಜಾಗದ ಕಾರಣ

ಈಗ ಸೂಳೆಕೆರೆಗೆ ಬರೋಣ. “ಕಾಡಿತ್ತೇನೋ” ಅಂದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಎದ್ದು ಸಂಪುಟ ತೆಗೆದು ತಾಲೂಕುಗಳ ಪಟ್ಟಿ ನೋಡಿದೆ. ಅಲ್ಲೇ ಇತ್ತು ಉತ್ತರ. 11ನೇ ಸಂಪುಟದಲ್ಲಿ ಚನ್ನಗಿರಿಯೇ ಇಲ್ಲ, ಹೊನ್ನಾಳಿಯೂ ಇಲ್ಲ.

ಇರುವುದಾದರೂ ಹೇಗೆ? ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ. ರೈಸ್ ಕಾಲದಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಆದ್ದರಿಂದ ಅವುಗಳ ಶಾಸನಗಳು 7ನೇ ಸಂಪುಟದಲ್ಲಿವೆ. ಹರಪನಹಳ್ಳಿ ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ, ಮದ್ರಾಸ್ ಪ್ರಾಂತ್ಯ. ರೈಸ್ ಅವರ ಕೆಲಸದ ಗಡಿ ಅಲ್ಲಿಗೇ ನಿಂತಿತು. ಆ ಕಡೆಯ ಶಾಸನ ಬೇಕಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ ನೋಡಬೇಕು, ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಅದರಲ್ಲಿ ಅನುವಾದ ಇಲ್ಲ, ಮೇಲೊಂದು ಚಿಕ್ಕ ಟಿಪ್ಪಣಿ, ಕೆಳಗೆ ಪಾಠ.

ನಾವು ಮಾಡಿದ್ದೇನು? 1903ರ ಒಂದು ಪುಸ್ತಕವನ್ನು ಇವತ್ತಿನ ಜಿಲ್ಲೆಯ ಗಡಿಯೊಳಗೆ ಸುರಿದೆವು. ಪುಸ್ತಕ ಮುಟ್ಟದ ಜಾಗ ಬಿಳಿಯಾಗಿ ಉಳಿಯಿತು. ಬಿಳಿ ಕಂಡಿದ್ದಕ್ಕೆ ನಾನು ಅಲ್ಲಿ ಮರ ನೆಟ್ಟುಬಿಟ್ಟೆ.

ಇದರಲ್ಲಿ ಇನ್ನೊಂದು ಸೋಜಿಗ ಇತ್ತು. ದಾವಣಗೆರೆ ಸುತ್ತಲಿನ 11, 12ನೇ ಶತಮಾನದ ಶಾಸನಗಳಲ್ಲಿ ಉಚ್ಚಂಗಿಯ ಪಾಂಡ್ಯರು ಮತ್ತೆ ಮತ್ತೆ ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ನೊಳಂಬವಾಡಿ ಆಳಿದವರು. ನಮ್ಮ ನಕ್ಷೆಯಲ್ಲಿ ಅವರ ಊರುಗಳಿದ್ದವು, ದಾನಗಳಿದ್ದವು, ಉಚ್ಚಂಗಿದುರ್ಗ ಮಾತ್ರ ಇರಲಿಲ್ಲ. ಅದು ಹರಪನಹಳ್ಳಿ ತಾಲೂಕು. ತಲೆ ಇಲ್ಲದ ಮುಂಡದ ಹಾಗೆ, ರಾಜಧಾನಿ ಇಲ್ಲದ ರಾಜ್ಯ. ಇದನ್ನು ನಾನಂತೂ ಗಮನಿಸಿರಲಿಲ್ಲ. ಜಗಳೂರಿನ ಹುಡುಗ ಹೇಳಿದ, “ಮೇಡಂ, ನಾವು ಉಚ್ಚಂಗೆಮ್ಮನ ಜಾತ್ರೆಗೆ ಹೋಗ್ತೀವಲ್ರೀ, ಆ ಗುಡ್ಡಾನೇ ಇಲ್ಲ ಇದ್ರಾಗೆ.” ಹರಪನಹಳ್ಳಿ ಆಮೇಲೆ ಮತ್ತೆ ಬಳ್ಳಾರಿಗೆ ಹೋಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಇವತ್ತಿನ ಗಡಿ ಹಿಡಿದು ಕೂತರೆ ಪಾಂಡ್ಯರ ರಾಜಧಾನಿ ನಮ್ಮ ನಕ್ಷೆಗೆ ಯಾವತ್ತೂ ಬರುವುದಿಲ್ಲ.

ಮುಂದಿನ ತರಗತಿಯಲ್ಲಿ “ಕಾಡಿತ್ತೇನೋ ಅಂದಿದ್ದೆನಲ್ಲ, ಅದನ್ನು ಹೊಡೆದು ಹಾಕಿ” ಅಂತ ಹೇಳಿದೆ. ಒಬ್ಬಳು ಪೆನ್ನು ತೆಗೆದು ನಿಜವಾಗಿಯೂ ಗೀಟು ಎಳೆದಳು. ಜಿಲ್ಲೆಯ ಗಡಿಯನ್ನು ನಕ್ಷೆಯಿಂದ ತೆಗೆದೆವು. ಅದರ ಬದಲು ಹೊಳೆ, ಹಳ್ಳ, ಗುಡ್ಡ ಹಾಕಿದೆವು. ಯಾವ ಪುಸ್ತಕದಿಂದ ಬಂದ ಚುಕ್ಕಿ ಅಂತ ಬಣ್ಣ ಬೇರೆ ಬೇರೆ ಮಾಡಿದೆವು. ನೋಡಿಲ್ಲದ ಪುಸ್ತಕದ ಸೀಮೆಗೆ ಬೂದು ಬಣ್ಣ ಬಳಿದೆವು. ಬೂದು ಅಂದರೆ “ಇನ್ನೂ ನೋಡಿಲ್ಲ”. ಕೋಷ್ಟಕದಲ್ಲಿ “ಆಗಿನ ತಾಲೂಕು”, “ಈಗಿನ ತಾಲೂಕು”, “ಯಾವ ಪುಸ್ತಕ” ಅಂತ ಮೂರು ಕಾಲಂ ಸೇರಿದವು.

ಕೆರೆ ಹುಡುಕಿದರೆ ಕೆರೆ ಸಿಗಲಿಲ್ಲ

ಕೆರೆ ಇರುವ ಶಾಸನ ಹುಡುಕಲು ಮೊದಲು ಸುಲಭದ ದಾರಿ ಹಿಡಿದಿದ್ದೆವು. ಇಂಗ್ಲಿಷ್ ಅನುವಾದದಲ್ಲಿ ಟ್ಯಾಂಕ್ ಅನ್ನುವ ಪದ. ಸಿಕ್ಕಿದ್ದು ಕಡಿಮೆ. ಕಾರಣ ಓದಿದಾಗ ಗೊತ್ತಾಯಿತು. ದಾನ ಕೊಟ್ಟ ಜಮೀನಿನ ಎಲ್ಲೆಗಳು, ಶಾಪದ ಶ್ಲೋಕಗಳು ಬಂದಲ್ಲಿ ರೈಸ್ ಅನುವಾದ ಎಷ್ಟೋ ಸಲ “ಇಲ್ಲಿ ಎಲ್ಲೆಗಳ ವಿವರ” ಅಂತ ಹೇಳಿ ಮುಂದೆ ಹೋಗುತ್ತದೆ. ಅವರ ಕಾಲಕ್ಕೆ ರಾಜರ ಹೆಸರು, ವಂಶ, ಇಸವಿ ಮುಖ್ಯ. ನಮಗೆ ಬೇಕಾದ ಕೆರೆ, ಕಾಲುವೆ, ಏರಿ, ತೂಬು ಇರುವುದೆಲ್ಲ ಅವರು ಬಿಟ್ಟ ಎಲ್ಲೆಯ ಸಾಲಿನಲ್ಲೇ!

ಸರಿ, ಕನ್ನಡ ಪಾಠದಲ್ಲೇ ಹುಡುಕೋಣ ಅಂದೆವು. “ಕೆರೆ” ಅಂತ ಟೈಪ್ ಮಾಡಿದರೆ ಅಲ್ಲೂ ಅರೆಬರೆ. ಹಳಗನ್ನಡದಲ್ಲಿ ಅದು “ಕೆಱೆ”. ಕಂಪ್ಯೂಟರಿಗೆ ರ ಬೇರೆ, ಱ ಬೇರೆ. ಸಮಾಸದಲ್ಲಿ ಕಕಾರ ಗಕಾರವಾಗಿ “ಗೆಱೆ” ಆಗುತ್ತದೆ. ಇದನ್ನು ವಿವರಿಸಲು ನಾನು ಬೋರ್ಡಿನ ಮೇಲೆ ನಮ್ಮ ಊರಿನ ಹೆಸರನ್ನೇ ಬರೆದೆ. ದಾವಣ‘ಗೆರೆ’. ಇಡೀ ತರಗತಿ ನಕ್ಕಿತು. ಕೊನೆಗೆ ಕೆಱೆ, ಕೆರೆ, ಗೆಱೆ, ಗೆರೆ, ತಟಾಕ, ಸಮುದ್ರ, ತೂಬು, ಏರಿ, ಬಿತ್ತುವಟ್ಟ ಅಂತ ಪಟ್ಟಿ ಬೆಳೆಯಿತು. ಸಮುದ್ರ ಅಂತ ಹುಡುಕಿದರೆ ಹೊಯ್ಸಳರ ರಾಜಧಾನಿ ದೋರಸಮುದ್ರ ಎಲ್ಲ ಬಂದು ಮುತ್ತಿಕೊಂಡಿತು. ಅದನ್ನು ಒಂದೊಂದಾಗಿ ಓದಿ ಬಿಡಿಸಬೇಕಾಯಿತು.

ಈ ಪಟ್ಟಿ ಮಾಡುತ್ತಾ ಅವರು ಕಲಿತ ಹಳಗನ್ನಡ ನನ್ನ ಉಪನ್ಯಾಸಗಳಿಂದ ಕಲಿತದ್ದಕ್ಕಿಂತ ಜಾಸ್ತಿ. ಯಾವ ಪದ ಹುಡುಕಬೇಕು ಅಂತ ಗೊತ್ತಾಗಲು ಶಾಸನವನ್ನು ಮೊದಲು ಓದಿರಲೇಬೇಕು. ಹುಡುಕುವ ಕೆಲಸ ಕಂಪ್ಯೂಟರಿನದು, ಓದುವುದು ತಪ್ಪಲಿಲ್ಲ.

ಒಬ್ಬ ಹುಡುಗ ಮಾತ್ರ ಅಡ್ಡದಾರಿ ಹಿಡಿದ. ಶಾಸನದ ಪಾಠವನ್ನು ಎಐ ಚಾಟ್‌ಗೆ ಹಾಕಿ ಹೊಸಗನ್ನಡ ಮಾಡಿಸಿ ತಂದ. ಓದಲು ಚೆಂದ ಇತ್ತು. ಬಿತ್ತುವಟ್ಟ ಅಂದರೆ ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟುಕೊಟ್ಟ ಜಮೀನು. ಅವನ ಹಾಳೆಯಲ್ಲಿ ಅದು “ಬಿತ್ತನೆಯ ಬಟ್ಟೆ” ಆಗಿತ್ತು. ಜೊತೆಗೆ ಶಾಸನದಲ್ಲಿ ಇಲ್ಲವೇ ಇಲ್ಲದ ಒಬ್ಬ ರಾಣಿ ಬಂದು ಕೂತಿದ್ದಳು. ಅವನಿಗೆ ಬೈಯಲಿಲ್ಲ. ಆ ಹಾಳೆಯನ್ನು ಎಲ್ಲರಿಗೂ ಹಂಚಿ, ಮೂಲದ ಜೊತೆ ಇಟ್ಟು ತಪ್ಪು ಗುರುತು ಮಾಡಿ ಅಂದೆ. ಆ ತಾಸು ಬೇಗ ಕಳೆಯಿತು.

ಕಲ್ಲಿನ ಹತ್ತಿರ

ಎರಡನೇ ಸೆಮಿಸ್ಟರಿನಲ್ಲಿ ಹಳ್ಳಿಗಳಿಗೆ ಹೊರಟೆವು. ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಸ್ಸು. ಮೊದಲ ಸಲ ಎಲ್ಲರೂ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಮನೆಗೆ ಬಂದು ನೋಡಿದರೆ ಒಂದು ಫೋಟೋದಲ್ಲೂ ಜಾಗದ ಗುರುತು ಇಲ್ಲ. ವಾಟ್ಸಾಪ್ ಫೋಟೋ ಕಳಿಸುವಾಗ ಆ ಮಾಹಿತಿ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಒಂದು ದಿನದ ಬಸ್ ಚಾರ್ಜು ಕೊಟ್ಟು ಕಲಿತ ಪಾಠ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೋ ಓದಲು ಬರುವುದಿಲ್ಲ ಅನ್ನುವುದೂ ಅವತ್ತೇ ಗೊತ್ತಾಯಿತು. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಲಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಸುಣ್ಣದ ಕಡ್ಡಿ ತಿಕ್ಕಿ ಕಲ್ಲು ಹಾಳು ಮಾಡುವ ಅಭ್ಯಾಸ ಅಲ್ಲಿಗೆ ಬಿಟ್ಟೆವು.

ಒಂದು ಊರಿನಲ್ಲಿ ಕಟ್ಟೆ ಮೇಲೆ ಕೂತಿದ್ದ ಅಜ್ಜ ಕೇಳಿದ, “ಏನವ್ವಾ, ನಿಧಿ ಐತಾ ಇಲ್ಲಿ?” ನಕ್ಕು ಸುಮ್ಮನಾದೆ. ಆತ ನಗಲಿಲ್ಲ. “ಹಿಂದೊಮ್ಮೆ ಹಿಂಗೇ ಫೋಟೋ ಹೊಡ್ಕೊಂಡು ಹೋದರು. ಆಮೇಲೆ ರಾತ್ರಿ ಬಂದು ಕಲ್ಲಿನ ಬುಡ ಅಗೆದರು” ಅಂದ. ಕಲ್ಲು ಸ್ವಲ್ಪ ವಾಲಿತ್ತು. ನಮ್ಮ ಸೀಮೆಯಲ್ಲಿ ನಿಧಿ ಆಸೆಗೆ ಗುಡಿ, ವೀರಗಲ್ಲು ಅಗೆಯುವುದು ಹೊಸದೇನಲ್ಲ. ನಾವು ಮೀಟರ್ ಲೆಕ್ಕದಲ್ಲಿ ಜಾಗ ಗುರುತಿಸಿ ಇಂಟರ್ನೆಟ್ಟಿಗೆ ಹಾಕಲು ಹೊರಟಿದ್ದೆವು! ಆ ನಕ್ಷೆ ಯಾರ ಕೈಗೆ ಹೋಗುತ್ತದೆ ಅಂತ ಕಾರ್ಯಾಗಾರದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಸ್ಸಿನಲ್ಲೇ ಚರ್ಚೆ ಆಯಿತು. ಮುಚ್ಚಿಟ್ಟರೆ ಸಂಶೋಧನೆ ಹೇಗೆ ಅಂತ ಕೆಲವರು, ಕಲ್ಲೇ ಹೋದರೆ ಸಂಶೋಧನೆ ಯಾತಕ್ಕೆ ಅಂತ ಕೆಲವರು. ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಚುಕ್ಕಿ ಊರಿನ ನಡುವೆ ಬೀಳಲಿ, ನಿಖರ ಜಾಗ ವಿಭಾಗದ ಪ್ರತಿಯಲ್ಲಿ ಮಾತ್ರ ಇರಲಿ ಅಂತ ತೀರ್ಮಾನ ಆಯಿತು. ನನಗೆ ಈಗಲೂ ಅದು ಪೂರ್ತಿ ಸಮಾಧಾನ ತಂದಿಲ್ಲ. ಆ ಅಜ್ಜನಿಗೆ ಏನು ಉತ್ತರ ಕೊಡಬೇಕಿತ್ತು ಅಂತಲೂ ಗೊತ್ತಿಲ್ಲ.

ಪುಸ್ತಕದಲ್ಲಿ ಒಂದು ಜಾಗ ಹೇಳಿ, ಕಲ್ಲು ಇನ್ನೊಂದು ಕಡೆ ಇರುವುದೂ ಕಂಡಿತು. ಕೆರೆ ಏರಿಯ ಮೇಲಿದೆ ಅಂದ ಕಲ್ಲು ಗುಡಿಯ ಮೆಟ್ಟಿಲ ಪಕ್ಕ ಬಂದಿತ್ತು. ಹಾಗಾಗಿ ಇನ್ನೂ ಒಂದು ಕಾಲಂ ಸೇರಿತು, “ಕಣ್ಣಾರೆ ನೋಡಿದ್ದು ಯಾರು, ಯಾವತ್ತು”. ಬಹಳ ಸಾಲುಗಳಲ್ಲಿ ಅದು ಖಾಲಿ ಇದೆ.

ಲೆಕ್ಕಕ್ಕೆ ಬಂದದ್ದು, ಬಾರದ್ದು

ದುಡ್ಡು ಜಾಸ್ತಿ ಖರ್ಚಾಗಲಿಲ್ಲ. ತಂತ್ರಾಂಶಕ್ಕೆ ಒಂದು ರೂಪಾಯಿ ಇಲ್ಲ. ಖರ್ಚಾಗಿದ್ದು ಶನಿವಾರಗಳು. ಬಡ್ತಿಯ ಅರ್ಜಿ ತುಂಬುವಾಗ ಈ ಕೋಷ್ಟಕವನ್ನು ಎಲ್ಲಿ ತೋರಿಸುವುದು ಅಂತ ಕೇಳಿದೆ. ಲೇಖನ ಆಗಿದ್ದರೆ ಅಂಕ ಇದೆ, ಪುಸ್ತಕ ಆಗಿದ್ದರೆ ಅಂಕ ಇದೆ, ಇದಕ್ಕೆ ಕಲಂ ಇಲ್ಲ ಅಂದರು. ಒಬ್ಬ ಹಿರಿಯ ಸಹೋದ್ಯೋಗಿ, “ಇದು ಡಿಟಿಪಿ ಕೆಲಸ ಅಲ್ವಾ ಮೇಡಂ?” ಅಂತ ಕೇಳಿದರು. ಬೇಜಾರಾಯಿತು ನಿಜ. ಆದರೆ ಅವರದ್ದೂ ಪೂರ್ತಿ ತಪ್ಪಲ್ಲ. ಮೊದಲ ತಿಂಗಳು ನಾವು ಮಾಡಿದ್ದು ಅದೇ. 126ರ ಶಾಸನ ಬಂದ ದಿನದಿಂದ ಅದು ಬೇರೆ ಕೆಲಸವಾಯಿತು.

ಎರಡನೇ ವರ್ಷದ ತಂಡಕ್ಕೆ 7ನೇ ಸಂಪುಟದ ಚನ್ನಗಿರಿ, ಹೊನ್ನಾಳಿ ಪುಟಗಳನ್ನು ಹಂಚಿದೆ. ಬೂದು ಜಾಗ ನಿಧಾನವಾಗಿ ಕರಗುತ್ತಿದೆ. ನ್ಯಾಮತಿಯ ಹುಡುಗ, ತನ್ನೂರು ಈಗ ತಾಲೂಕಾಗಿದೆ, ಹೊನ್ನಾಳಿ ಅಂತ ಯಾಕೆ ಬರೆಯಬೇಕು ಅಂತ ತಕರಾರು ತೆಗೆದ. ಎರಡೂ ಬರಿ, ಅದಕ್ಕೇ ಎರಡು ಕಾಲಂ ಅಂದೆ.

ಸೂಳೆಕೆರೆ ಪ್ರಶ್ನೆ ಕೇಳಿದ ಹುಡುಗಿ ಪಾಸಾಗಿ ಊರಲ್ಲಿದ್ದಾಳೆ, ಬಿ.ಇಡಿ.ಗೆ ಓದುತ್ತಿದ್ದಾಳೆ. ಕಳೆದ ತಿಂಗಳು ಫೋನ್ ಮಾಡಿದಳು. ಅವರ ಮಾವನ ತೋಟದ ಬದುವಿನಲ್ಲಿ ಒಂದು ಬರೆದ ಕಲ್ಲು ಇದೆಯಂತೆ. 7ನೇ ಸಂಪುಟದಲ್ಲಿ ಆ ಊರಿನ ಹೆಸರೇ ಸಿಗಲಿಲ್ಲವಂತೆ.

“ಯಾವ ಪುಸ್ತಕ ಅನ್ನೋ ಕಾಲಂನಲ್ಲಿ ಏನು ಬರೀಲಿ ಮೇಡಂ?”

“ಸದ್ಯಕ್ಕೆ ಏನೂ ಬರೀಬೇಡ. ಫೋಟೋ ತೆಗೆದಿದ್ದೀಯಾ?”

“ತೆಗ್ದೀನಿ, ಮಧ್ಯಾಹ್ನ. ಏನೂ ಕಾಣಲ್ಲ. ಇವತ್ತು ರಾತ್ರಿ ಟಾರ್ಚ್ ಹಿಡಿಯೋಕೆ ತಮ್ಮನ್ನ ಕರ್ಕೊಂಡು ಹೋಗ್ತೀನಿ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಲ್ಲ ಬಿಡಿ.”